ಬಾಲಕರ ಹೈಸ್ಕೂಲೋ, ಕೋ-ಎಡ್ ಶಾಲೆಯೋ? ಎರಡರಲ್ಲೂ ಪಾಠ ಮಾಡಿದ ಮೇಲೆ

ಮಗನನ್ನು ಯಾವ ಶಾಲೆಗೆ ಸೇರಿಸೋಣ ಅಂತ ಕೇಳುವವರಿಗೆ ನಾನು ಮೊದಲು ಹೇಳುವುದು ಒಂದೇ. ಗೇಟಿನ ಮೇಲಿನ ರಿಸಲ್ಟ್ ಬೋರ್ಡ್ ನೋಡಿ ತೀರ್ಮಾನ ಮಾಡಬೇಡಿ. ನಾನು ಎರಡೂ ಕಡೆ ಒಂಬತ್ತು, ಹತ್ತನೇ ತರಗತಿಗೆ ವಿಜ್ಞಾನ ಕಲಿಸಿದ್ದೇನೆ. ಪಾಠಗಳೂ ಹೆಚ್ಚುಕಡಿಮೆ ಅವೇ. ಬಾಲಕರ ಶಾಲೆಯಲ್ಲಿ ಅಂಕ ಜಾಸ್ತಿ ಬರುತ್ತಿತ್ತು, ನಿಜ. ಆದರೆ ಅಲ್ಲಿ ಪ್ರವೇಶ ಪರೀಕ್ಷೆ ಇತ್ತು. ಚೆನ್ನಾಗಿ ಓದುವ ಹುಡುಗರನ್ನೇ ಆರಿಸಿಕೊಂಡರೆ ಅಂಕ ಬಂದೇ ಬರುತ್ತದೆ, ಅಲ್ವಾ?

ದೊಡ್ಡ ಮಟ್ಟದಲ್ಲಿ ನೋಡಿದವರೂ ಇದನ್ನೇ ಕಂಡಿದ್ದಾರೆ. 2014ರಲ್ಲಿ ಪ್ರಕಟವಾದ ಒಂದು ವಿಶ್ಲೇಷಣೆ 21 ದೇಶಗಳ 184 ಅಧ್ಯಯನಗಳನ್ನು, ಸುಮಾರು 16 ಲಕ್ಷ ಮಕ್ಕಳ ಮಾಹಿತಿಯನ್ನು ಒಟ್ಟಿಗೆ ಇಟ್ಟು ನೋಡಿತು. ಮಕ್ಕಳ ಹಿನ್ನೆಲೆಯನ್ನೂ ಲೆಕ್ಕಕ್ಕೆ ತೆಗೆದುಕೊಂಡ ಅಧ್ಯಯನಗಳಲ್ಲಿ ಎರಡು ಬಗೆಯ ಶಾಲೆಗಳ ನಡುವಿನ ವ್ಯತ್ಯಾಸ ಇಲ್ಲವೇ ಇಲ್ಲ ಅನ್ನುವಷ್ಟು ಸಣ್ಣದು. ಆದರೆ ದಕ್ಷಿಣ ಕೊರಿಯಾದ ಸೋಲ್‌ನಲ್ಲಿ ಬೇರೆ ಚಿತ್ರ ಸಿಕ್ಕಿದೆ. ಅಲ್ಲಿ ಮಕ್ಕಳನ್ನು ಶಾಲೆಗಳಿಗೆ ಲಾಟರಿಯಂತೆ ಹಂಚುತ್ತಿದ್ದ ಕಾಲದ ಅಂಕಗಳಲ್ಲಿ ಹುಡುಗರದೇ, ಹುಡುಗಿಯರದೇ ಶಾಲೆಗಳು ಸ್ವಲ್ಪ ಮುಂದಿದ್ದವು. ಹಾಗಾಗಿ ಬಾಲಕರ ಶಾಲೆ ಅಂದ ಕೂಡಲೇ ತಳ್ಳಿಹಾಕುವವಳು ನಾನಲ್ಲ.

ಅಲ್ಲಿ ನನಗೆ ನಿಜಕ್ಕೂ ಇಷ್ಟವಾಗಿದ್ದು ಲ್ಯಾಬ್. ಗಾಜಿನ ಚಪ್ಪಡಿಯಲ್ಲಿ ಬೆಳಕು ಬಾಗುವ ಪ್ರಯೋಗವನ್ನೇ ತೆಗೆದುಕೊಳ್ಳಿ. ಗುಂಡುಸೂಜಿ ಚುಚ್ಚಬೇಕು, ಗೆರೆ ಎಳೆಯಬೇಕು, ಕೋನ ಅಳೆಯಬೇಕು, ಪಟ್ಟಿ ತುಂಬಬೇಕು. ಕೋ-ಎಡ್ ಶಾಲೆಯಲ್ಲಿ ಗುಂಪು ಮಾಡಿ ಬಿಟ್ಟರೆ ಚಪ್ಪಡಿ, ಸೂಜಿ ಹುಡುಗರ ಕೈಗೆ ಹೋಗುತ್ತಿದ್ದವು. ಪೆನ್ಸಿಲ್, ರೆಕಾರ್ಡ್ ಪುಸ್ತಕ ಹುಡುಗಿಯರ ಪಾಲಿಗೆ. ಅಕ್ಷರ ಚೆನ್ನಾಗಿದೆ ಅನ್ನೋದು ಕಾರಣ. ಇದರಿಂದ ಹುಡುಗಿಯರಿಗೆ ಅನ್ಯಾಯ. ಬರೆಯುವುದನ್ನೇ ಕಲಿಯದ ಹುಡುಗರಿಗೂ ನಷ್ಟ.

ಬಾಲಕರ ಶಾಲೆಯಲ್ಲಿ ಈ ಕೆಲಸವನ್ನು ಇನ್ನೊಬ್ಬರ ಮೇಲೆ ಹಾಕೋಕೆ ಆಗುತ್ತಿರಲಿಲ್ಲ. ಬೆಳಕು 40 ಡಿಗ್ರಿಯಲ್ಲಿ ಬಿದ್ದರೆ ಗಾಜಿನೊಳಗೆ ಸುಮಾರು 25 ಡಿಗ್ರಿ ಬರಬೇಕು. ಒಬ್ಬ ಹುಡುಗನಿಗೆ 31 ಬಂತು. ಪೆನ್ಸಿಲ್ ಗೆರೆ ಅಷ್ಟು ದಪ್ಪ, ಸೂಜಿಗಳೂ ಒಂದಕ್ಕೊಂದು ಅಂಟಿಕೊಂಡ ಹಾಗೆ ಹತ್ತಿರ. ಅವನೇ ಪೆನ್ಸಿಲ್ ಚೂಪು ಮಾಡಿ, ಸೂಜಿಗಳನ್ನು ದೂರ ದೂರ ಚುಚ್ಚಿ, ಹಾಳೆ ಬದಲಿಸಿ ಮತ್ತೆ ಎಳೆದ. 26 ಬಂದಾಗ ಅವನ ಮುಖ ನೋಡಬೇಕಿತ್ತು! ಲ್ಯಾಬಿನ ಹೊರಗೂ ಅಷ್ಟೇ. ಹಾಡುವುದು, ಪೋಸ್ಟರ್ ಬರೆಯುವುದು, ನಾಟಕಕ್ಕೆ ಬಟ್ಟೆ ಹೊಂದಿಸುವುದು, ಎಲ್ಲವೂ ಹುಡುಗರದೇ ಕೆಲಸ. ಇದು ಸಣ್ಣ ಲಾಭ ಅಲ್ಲ.

ಪ್ರಶ್ನೆ ಕೇಳುವ ವಿಷಯಕ್ಕೆ ಬಂದರೆ ಅದೇ ಶಾಲೆ ಹಿಂದೆ ಬೀಳುತ್ತದೆ. ಶಿಕ್ಷಕರು ಪ್ರಶ್ನೆ ಹಾಕಿ ಸಾಮಾನ್ಯವಾಗಿ ಒಂದು ಸೆಕೆಂಡಷ್ಟೇ ಕಾಯುತ್ತಾರೆ, ಮೂರು ಸೆಕೆಂಡ್ ಕಾದರೆ ಉತ್ತರಗಳು ಉದ್ದವಾಗುತ್ತವೆ, ಹೆಚ್ಚು ಮಕ್ಕಳು ಬಾಯಿಬಿಡುತ್ತಾರೆ ಅಂತ ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ ಹಿಂದೆಯೇ ತೋರಿಸಿದ್ದರು. ಬಾಲಕರ ಶಾಲೆಯಲ್ಲಿ ಆ ಮೂರು ಸೆಕೆಂಡಿನಲ್ಲಿ ಹಿಂದಿನ ಬೆಂಚಿನಿಂದ ನಗು ಬರುತ್ತಿತ್ತು. ಗೊತ್ತಿಲ್ಲ ಅಂದವನಿಗೆ ಅಡ್ಡಹೆಸರು ಗ್ಯಾರಂಟಿ. ಎಲ್ಲರೂ ಮೊದಲು ಪುಸ್ತಕದಲ್ಲಿ ಉತ್ತರ ಬರೆಯಲಿ, ಆಮೇಲೆ ಮಾತು ಅಂತ ನಿಯಮ ಮಾಡಿದ ಮೇಲೇ ಮೆತ್ತಗಿನ ಹುಡುಗರ ದನಿ ಕೇಳಿಸಿದ್ದು. ಕೋ-ಎಡ್‌ನಲ್ಲಿ ಗೇಲಿ ಕಡಿಮೆ. ಹುಡುಗಿಯರು ಡೌಟ್ ಕೇಳುವುದನ್ನು ನೋಡಿ ಹುಡುಗರೂ ಕೇಳುತ್ತಿದ್ದರು. ಅವರ ಮುಂದೆ ತಪ್ಪಾದೀತು ಅಂತ ಸುಮ್ನೆ ಕೂರುವ ಹುಡುಗರೂ ಇದ್ದರು ಅನ್ನಿ.

ಶಿಸ್ತು ಎರಡೂ ಕಡೆ ಚೆನ್ನಾಗಿಯೇ ಇತ್ತು.

ಓದಿನ ವಿಷಯ ಮಾತ್ರ ನನ್ನನ್ನು ಇವತ್ತಿಗೂ ಕಾಡುತ್ತದೆ. ಹಲವು ದೇಶಗಳ ಹದಿನೈದು ವರ್ಷದ ಮಕ್ಕಳಿಗೆ ನಡೆಸುವ ಪೀಸಾ ಪರೀಕ್ಷೆಯಲ್ಲಿ, 2018ರಲ್ಲಿ, ಒಇಸಿಡಿ ಅನ್ನುವ ಹೆಚ್ಚಾಗಿ ಶ್ರೀಮಂತ ದೇಶಗಳ ಕೂಟದ ಹುಡುಗರು ಓದಿ ಅರ್ಥಮಾಡಿಕೊಳ್ಳುವುದರಲ್ಲಿ ಹುಡುಗಿಯರಿಗಿಂತ ಸರಾಸರಿ 30 ಅಂಕ ಹಿಂದಿದ್ದರು. ಹಾಗಿದ್ದ ಮೇಲೆ ಹುಡುಗರಷ್ಟೇ ಇರುವ ಶಾಲೆಯಲ್ಲಿ ಲೈಬ್ರರಿ ಪೀರಿಯಡ್ ಎಲ್ಲಕ್ಕಿಂತ ಭದ್ರವಾಗಿರಬೇಕು. ನಾನಿದ್ದ ಶಾಲೆಯಲ್ಲಿ ಪರೀಕ್ಷೆ ಹತ್ತಿರ ಬಂದರೆ ಗಣಿತದವರು ಕಿತ್ತುಕೊಳ್ಳುತ್ತಿದ್ದ ಮೊದಲ ಪೀರಿಯಡ್ ಅದೇ. ಕೋ-ಎಡ್‌ನಲ್ಲಿ ಅದನ್ನು ಯಾರೂ ಮುಟ್ಟುವಂತಿರಲಿಲ್ಲ.

ನೋಟ್‌ಬುಕ್ ತಿದ್ದುವುದರಲ್ಲೂ ಅಷ್ಟೇ ಅಂತರ. ಬಾಲಕರ ಶಾಲೆಯಲ್ಲಿ ಬರೆಸಿದ ನೋಟ್ಸ್, ಕೆಳಗೆ ಕೆಂಪು ಟಿಕ್, ಹತ್ತಕ್ಕೆ ಇಷ್ಟು ಅಂತ ಅಂಕ. ಕೋ-ಎಡ್‌ನಲ್ಲಿ ಅಂಕದ ಬದಲು 'ಗೆರೆ ಯಾಕೆ ಬಾಗಿತು ಅನ್ನೋದನ್ನು ಬರೆದಿಲ್ಲ' ಅನ್ನುವಂಥ ಒಂದು ಸಾಲು, ಅದನ್ನು ನೋಡಿ ಮತ್ತೆ ಬರೆಯಲು ತರಗತಿಯಲ್ಲೇ ಸಮಯ. ಅಂಕವಿಲ್ಲದೆ ಬರೀ ಟಿಪ್ಪಣಿ ಸಿಕ್ಕ ಮಕ್ಕಳೇ ಮುಂದೆ ಬಂದರು, ಟಿಪ್ಪಣಿಯ ಜೊತೆ ಅಂಕವನ್ನೂ ಕೊಟ್ಟಾಗ ಆ ಲಾಭ ಹೋಯಿತು ಅಂತ 1988ರಲ್ಲಿ ಸಂಶೋಧಕಿ ರುತ್ ಬಟ್ಲರ್ ತೋರಿಸಿದ್ದರು. ಇದಕ್ಕೆ ಹುಡುಗಿಯರು ಜೊತೆಗಿರಬೇಕು ಅಂತೇನಿಲ್ಲ. ಮುಖ್ಯೋಪಾಧ್ಯಾಯರು ಶಿಕ್ಷಕರಿಗೆ ತಿದ್ದಲು ಸಮಯ ಕೊಟ್ಟರೆ ಸಾಕು.

ಈ ಎರಡರಲ್ಲಿ ಒಂದನ್ನು ಆರಿಸು ಅಂದರೆ ನಾನು ಕೋ-ಎಡ್ ಶಾಲೆಯನ್ನೇ ಆರಿಸುತ್ತೇನೆ. ತಿದ್ದಿದ ನೋಟ್‌ಬುಕ್, ಲೈಬ್ರರಿ, ಇವೆರಡಕ್ಕಾಗಿ. ಇವೆರಡೂ ಸರಿಯಿರುವ ಬಾಲಕರ ಶಾಲೆ ಸಿಕ್ಕರೆ, ಆ ಲ್ಯಾಬಿಗಾಗಿ ಅಲ್ಲಿಗೇ ಕಳಿಸುತ್ತೇನೆ. ನೋಡಲು ಹೋದಾಗ ಮೊದಲ ರ‍್ಯಾಂಕಿನವನ ಪುಸ್ತಕ ಬೇಡ, ಮಧ್ಯಮ ಹುಡುಗನ ನೋಟ್‌ಬುಕ್ ಕೇಳಿ. ವರ್ಷದ ನಡುವಿನ ಪುಟಗಳನ್ನು ತೆರೆದು ನೋಡಿ.