ಬೋರ್ಡಿನಲ್ಲಿ ಆಯುಷ್ಮಾನ್ ಇದ್ದರೆ ಸಾಲದು: ಕಿವಿ, ಮೂಗು, ಗಂಟಲಿನ ಚಿಕಿತ್ಸೆಗೆ ಹೊರಟವರಿಗೆ ಎಚ್ಚರಿಕೆ

ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯನ್ನು ನಂಬಿಕೊಂಡು ಕಿವಿ, ಮೂಗು ಅಥವಾ ಗಂಟಲಿನ ಚಿಕಿತ್ಸೆಗೆ ನೇರವಾಗಿ ಖಾಸಗಿ ಆಸ್ಪತ್ರೆಗೆ ಹೊರಟಿರುವವರು ದಯವಿಟ್ಟು ಮೊದಲು ಇದನ್ನು ಓದಿ. ಆಸ್ಪತ್ರೆಯ ಹೆಸರು ಯೋಜನೆಯ ಪಟ್ಟಿಯಲ್ಲಿದ್ದ ಮಾತ್ರಕ್ಕೆ ಅಲ್ಲಿಗೆ ಬರುವ ಇಎನ್‌ಟಿ ವೈದ್ಯರು ಆ ಯೋಜನೆಯಡಿ ಚಿಕಿತ್ಸೆ ಕೊಡುತ್ತಾರೆಂದು ಅರ್ಥವಲ್ಲ. ಇದನ್ನು ಯಾರೂ ಮೊದಲೇ ಬಿಡಿಸಿ ಹೇಳದ ಕಾರಣ ನನ್ನ ಚಿಕ್ಕಮ್ಮನ ಕಿವಿಯ ಶಸ್ತ್ರಚಿಕಿತ್ಸೆ ತಿಂಗಳುಗಟ್ಟಲೆ ತಡವಾಯಿತು, ಕೈಯಲ್ಲಿದ್ದ ಹಣವೂ ಖರ್ಚಾಯಿತು.

ಚಿಕ್ಕಮ್ಮನಿಗೆ ಬಲಗಿವಿ ಬಹಳ ಕಾಲದಿಂದ ಸೋರುತ್ತಿತ್ತು. ಸೋರುವ ಕೀವಿಗೆ ದುರ್ವಾಸನೆ ಬಂದು, ಆ ಕಡೆಯಿಂದ ಮಾತನಾಡಿಸಿದರೆ ಕೇಳಿಸದಂತಾದ ಮೇಲೆ ತೋರಿಸಲು ಕರೆದುಕೊಂಡು ಹೋದೆವು. ವೈದ್ಯರು ಕೊಲೆಸ್ಟಿಯಟೋಮಾ ಎಂದರು. ಹೆಸರು ಕೇಳಿ ಕ್ಯಾನ್ಸರ್ ಇರಬಹುದೆಂದು ಮನೆಯವರು ಗಾಬರಿಯಾದರು. ಅದು ಕ್ಯಾನ್ಸರ್ ಅಲ್ಲ. ಕಿವಿಯ ತಮಟೆಯ ಹಿಂದಿನ ಜಾಗದಲ್ಲಿ ಚರ್ಮದ ಪದರು ಸೇರಿಕೊಂಡು ಗಂಟಿನಂತೆ ಬೆಳೆಯುವ ರೋಗವದು. ಆದರೆ ಅದನ್ನು ಹಾಗೆಯೇ ಬಿಟ್ಟರೆ ಶಬ್ದವನ್ನು ಒಳಕಿವಿಗೆ ಸಾಗಿಸುವ ಮೂರು ಪುಟ್ಟ ಮೂಳೆಗಳನ್ನೂ ಸುತ್ತಲಿನ ಎಲುಬನ್ನೂ ಸವೆಸುತ್ತದೆ, ಮುಖದ ನರಕ್ಕೆ ತಗುಲಿದರೆ ಮುಖ ಸೊಟ್ಟಗಾಗಬಹುದು, ಸೋಂಕು ಮಿದುಳಿನವರೆಗೂ ಹೋಗಬಹುದು. ಕಿವಿಗೆ ಹಾಕುವ ಹನಿಗಳಿಂದ ಸೋರುವಿಕೆ ಸ್ವಲ್ಪ ದಿನ ನಿಲ್ಲಬಹುದಾದರೂ ಗಂಟು ಹೋಗುವುದಿಲ್ಲ. ಅದಕ್ಕೆ ಶಸ್ತ್ರಚಿಕಿತ್ಸೆಯೇ ಬೇಕು. ಆದ್ದರಿಂದ ಈ ರೋಗದಲ್ಲಿ ಕಾಯಿಸುವುದೆಂದರೆ ಶ್ರವಣಶಕ್ತಿಯನ್ನು ಕಳೆಯುವುದೇ ಆಗಿದೆ.

ನಾವು ಹೋದ ಖಾಸಗಿ ಆಸ್ಪತ್ರೆಯ ಮುಂದೆ ಯೋಜನೆಯ ದೊಡ್ಡ ಫಲಕವಿತ್ತು. ಕೌಂಟರಿನಲ್ಲಿ ಬಿಪಿಎಲ್ ಪಡಿತರ ಚೀಟಿ ಮತ್ತು ಆಧಾರ್ ತೋರಿಸಿ ಕೇಳಿದಾಗ "ಆಯುಷ್ಮಾನ್ ನಡೆಯುತ್ತದೆ, ಮೊದಲು ಡಾಕ್ಟರಿಗೆ ತೋರಿಸಿ" ಎಂದರು. ನೋಡುವ ಶುಲ್ಕ, ಶ್ರವಣ ಪರೀಕ್ಷೆ, ಕಿವಿಯ ಎಲುಬಿನ ಸಿಟಿ ಸ್ಕ್ಯಾನ್, ರಕ್ತ ಪರೀಕ್ಷೆ, ಎಲ್ಲಕ್ಕೂ ನಾವೇ ಹಣ ಕಟ್ಟಿದೆವು. ಅಡ್ಮಿಟ್ ಆದ ಮೇಲೆ ಎಲ್ಲವೂ ಕಾರ್ಡಿನಲ್ಲಿ ಆಗುತ್ತದೆಂದು ಭರವಸೆ ಕೊಟ್ಟರು. ವರದಿಗಳೆಲ್ಲ ಕೈಗೆ ಬಂದು ಶಸ್ತ್ರಚಿಕಿತ್ಸೆಯ ದಿನ ಕೇಳಲು ಹೋದಾಗ ಉತ್ತರ ಬದಲಾಯಿತು. ಆ ಆಸ್ಪತ್ರೆ ಯೋಜನೆಗೆ ನೋಂದಾಯಿಸಿಕೊಂಡಿದ್ದು ಬೇರೆ ವಿಭಾಗಗಳಿಗೆ ಮಾತ್ರ. ಇಎನ್‌ಟಿ ಅದರಲ್ಲಿ ಇರಲಿಲ್ಲ. ವೈದ್ಯರು ವಾರದ ಕೆಲವು ದಿನ ಮಾತ್ರ ಬಂದು ಹೋಗುವವರಾಗಿದ್ದು, ನಗದು ಕಟ್ಟುವುದಾದರೆ ಅದೇ ವಾರ ಶಸ್ತ್ರಚಿಕಿತ್ಸೆ ಮಾಡುವುದಾಗಿ ಹೇಳಿಸಿದರು. ರೋಗದ ಭಯವನ್ನು ಚೆನ್ನಾಗಿ ವಿವರಿಸಿದ ನಂತರ ಹಣದ ಮಾತು ತೆಗೆದದ್ದು ನನಗೆ ಇಂದಿಗೂ ಸಹಿಸಲಾಗದ ಸಂಗತಿ. ಚಿಕ್ಕಮ್ಮ ಅಲ್ಲಿಯೇ ಕುಳಿತು ಕೈಬಳೆ ಅಡವಿಡುವ ಲೆಕ್ಕ ಹಾಕತೊಡಗಿದ್ದರು.

ಆಮೇಲೆ ವಿಚಾರಿಸುತ್ತಾ ಹೋದಾಗ ತಿಳಿದದ್ದು ಇಷ್ಟು. ಯೋಜನೆಯಡಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ ಚಿಕಿತ್ಸೆ ಸಿಗುತ್ತದೆ. ಎಪಿಎಲ್ ಕುಟುಂಬಕ್ಕೆ ಸರ್ಕಾರ ನಿಗದಿತ ಪ್ಯಾಕೇಜ್ ದರದ ಶೇಕಡಾ 30ರಷ್ಟನ್ನು ಮಾತ್ರ, ಅದೂ ವರ್ಷಕ್ಕೆ 1.5 ಲಕ್ಷದ ಮಿತಿಯೊಳಗೆ, ಭರಿಸುತ್ತದೆ. ಇದು ಮುಖ್ಯವಾಗಿ ಒಳರೋಗಿಯಾಗಿ ಪಡೆಯುವ ಚಿಕಿತ್ಸೆಗೆ. ಹೊರರೋಗಿ ವಿಭಾಗದಲ್ಲಿ ವೈದ್ಯರನ್ನು ಕಾಣುವ ಶುಲ್ಕ ಇದರಲ್ಲಿ ಸೇರುವುದಿಲ್ಲ. ಇಎನ್‌ಟಿ ರೋಗಿಗಳು ಪೆಟ್ಟು ತಿನ್ನುವುದು ಇಲ್ಲಿಯೇ, ಏಕೆಂದರೆ ಕಿವಿ ಶುಚಿ ಮಾಡುವುದು, ದುರ್ಬೀನಿನಿಂದ ಮೂಗು ಗಂಟಲು ನೋಡುವುದು, ಶ್ರವಣ ಪರೀಕ್ಷೆ ಮಾಡುವುದು ಇವೆಲ್ಲ ಬಹುಪಾಲು ಹೊರರೋಗಿ ವಿಭಾಗದಲ್ಲಿಯೇ ನಡೆಯುವ ಕೆಲಸಗಳು. ಇನ್ನೊಂದು, ತುರ್ತು ಸ್ಥಿತಿಯಲ್ಲದಿದ್ದರೆ ಮೊದಲು ಸರ್ಕಾರಿ ಆಸ್ಪತ್ರೆಗೇ ಹೋಗಬೇಕು. ಅಲ್ಲಿ ಆ ಚಿಕಿತ್ಸೆ ಲಭ್ಯವಿಲ್ಲದಿದ್ದಾಗ ಅವರು ಬರೆದುಕೊಡುವ ರೆಫರಲ್ ಪತ್ರದೊಂದಿಗೆ ನೋಂದಾಯಿತ ಖಾಸಗಿ ಆಸ್ಪತ್ರೆಗೆ ಹೋಗಬಹುದು. ಅಂದರೆ ಆ ಆಸ್ಪತ್ರೆಯಲ್ಲಿ ಇಎನ್‌ಟಿ ವಿಭಾಗ ನೋಂದಣಿಯಾಗಿದ್ದರೂ ಪತ್ರವಿಲ್ಲದೆ ನಮ್ಮ ಕೆಲಸ ಆಗುತ್ತಿರಲಿಲ್ಲ. ಇದನ್ನು ದಿನವೂ ಅದೇ ಕೆಲಸ ಮಾಡುವ ಕೌಂಟರಿನವರು ಮೊದಲ ದಿನವೇ ಹೇಳಬಹುದಿತ್ತು, ಹೇಳಬೇಕಿತ್ತು.

ಆದ್ದರಿಂದ ಕೌಂಟರಿನಲ್ಲಿ "ಆಯುಷ್ಮಾನ್ ಇದೆಯೇ" ಎಂದು ಕೇಳಬೇಡಿ. ಆ ಪ್ರಶ್ನೆಗೆ ಹೌದು ಎಂಬ ಉತ್ತರ ಬಹಳ ಸುಲಭ. ನೋಂದಾಯಿತ ಆಸ್ಪತ್ರೆಯಲ್ಲಿ ಆರೋಗ್ಯ ಮಿತ್ರ ಎಂಬ ಸಿಬ್ಬಂದಿ ಇರುತ್ತಾರೆ, ಅವರನ್ನೇ ಹುಡುಕಿ. ಇಎನ್‌ಟಿ ವಿಭಾಗ ಈಗ ನೋಂದಣಿಯಲ್ಲಿದೆಯೇ, ಶಸ್ತ್ರಚಿಕಿತ್ಸೆ ಮಾಡುವ ವೈದ್ಯರು ಯೋಜನೆಯ ರೋಗಿಗಳನ್ನು ತೆಗೆದುಕೊಳ್ಳುತ್ತಾರೆಯೇ, ನಮಗೆ ಹೇಳಿರುವ ಶಸ್ತ್ರಚಿಕಿತ್ಸೆಗೆ ಯೋಜನೆಯವರಿಂದ ಪೂರ್ವಾನುಮತಿ ಸಿಗುತ್ತದೆಯೇ ಎಂದು ಬಿಡಿಬಿಡಿಯಾಗಿ ಕೇಳಿ, ಸ್ಕ್ಯಾನಿಗೆ ಹಣ ಕಟ್ಟುವ ಮೊದಲೇ ಕೇಳಿ. ಯೋಜನೆಯ ಜಾಲತಾಣದಲ್ಲಿ ಜಿಲ್ಲೆ ಮತ್ತು ವಿಭಾಗವನ್ನು ಆರಿಸಿ ಆಸ್ಪತ್ರೆಗಳನ್ನು ಹುಡುಕಬಹುದು. ಅಲ್ಲಿ ಇಎನ್‌ಟಿ ಕಾಣದಿದ್ದರೆ ಓಟೋರೈನೋಲ್ಯಾರಿಂಗಾಲಜಿ ಎಂಬ ಹೆಸರಿನಲ್ಲಿ ನೋಡಿ.

ಕೊನೆಗೆ ನಮ್ಮ ಕೈಹಿಡಿದದ್ದು ಸರ್ಕಾರಿ ಆಸ್ಪತ್ರೆ. ಜಿಲ್ಲಾ ಆಸ್ಪತ್ರೆಯ ಇಎನ್‌ಟಿ ವೈದ್ಯರು ಹಳೆಯ ಸ್ಕ್ಯಾನನ್ನೇ ನೋಡಿ, ಮತ್ತೆ ಮಾಡಿಸದೆ, ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ ಬರೆದುಕೊಟ್ಟರು. ಅಲ್ಲಿ ಸರದಿ ಉದ್ದವಿತ್ತು, ಹಾಸಿಗೆಗಾಗಿ ಕಾಯಬೇಕಾಯಿತು, ಆದರೆ ಮಾತು ಬದಲಾಗಲಿಲ್ಲ. ಮಾಸ್ಟಾಯ್ಡ್, ಅಂದರೆ ಕಿವಿಯ ಹಿಂದಿನ ಎಲುಬಿನ ಶಸ್ತ್ರಚಿಕಿತ್ಸೆ ಕಾರ್ಡಿನಲ್ಲಿಯೇ ಆಯಿತು. ಕಿವಿ ಸೋರುವುದು ನಿಂತಿದೆ. ಸವೆದುಹೋದ ಮೂಳೆಗಳಿಂದಾಗಿ ಕೇಳುವಿಕೆ ಮಾತ್ರ ಮೊದಲಿನಂತಾಗಿಲ್ಲ. ಬೆಂಗಳೂರಿನಲ್ಲಿರುವವರಿಗೆ ವಿಕ್ಟೋರಿಯಾ ಆಸ್ಪತ್ರೆಯ ಆವರಣದಲ್ಲಿ ಶ್ರೀ ವೆಂಕಟೇಶ್ವರ ಇಎನ್‌ಟಿ ಸಂಸ್ಥೆ ಇದೆ, ಮೈಸೂರಿನಲ್ಲಿ ಕೆ.ಆರ್. ಆಸ್ಪತ್ರೆ ಇದೆ, ಹುಬ್ಬಳ್ಳಿಯಲ್ಲಿ ಕಿಮ್ಸ್ ಎಂದೇ ಹೆಸರಾಗಿದ್ದ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇದೆ. ಶ್ರವಣ ಪರೀಕ್ಷೆಗೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯೂ ಇದೆ. ಮೊದಲ ಹೆಜ್ಜೆಯನ್ನೇ ಇಂಥ ಕಡೆ ಇಡುವುದು ಒಳ್ಳೆಯದೆಂದು ನನ್ನ ಖಚಿತ ಅಭಿಪ್ರಾಯ.

ಆದರೆ ಕೆಲವು ತೊಂದರೆಗಳಲ್ಲಿ ಪಟ್ಟಿ, ಪತ್ರ ಎಂದು ಹುಡುಕುತ್ತ ಕೂರಬಾರದು. ರಾತ್ರಿ ಮಲಗಿ ಬೆಳಿಗ್ಗೆ ಎದ್ದಾಗ ಒಂದು ಕಿವಿ ಇದ್ದಕ್ಕಿದ್ದಂತೆ ಕೇಳಿಸದೆ ಹೋದರೆ ಅಂದೇ ಹತ್ತಿರದ ಇಎನ್‌ಟಿ ವೈದ್ಯರಿಗೆ ತೋರಿಸಬೇಕು. ಅದಕ್ಕೆ ಕೊಡುವ ಸ್ಟೀರಾಯ್ಡ್ ಚಿಕಿತ್ಸೆ ಬೇಗ ಆರಂಭವಾದಷ್ಟೂ ಫಲ ಹೆಚ್ಚು. ಮಗು ಗುಂಡಿಯಂಥ ಚಿಕ್ಕ ಬ್ಯಾಟರಿಯನ್ನು ಮೂಗಿಗೋ ಕಿವಿಗೋ ಹಾಕಿಕೊಂಡಿದ್ದರೆ ಅದು ಗಂಟೆಗಳಲ್ಲಿಯೇ ಒಳಭಾಗವನ್ನು ಸುಡುತ್ತದೆ. ಉಸಿರಾಟಕ್ಕೆ ತೊಂದರೆ, ನಿಲ್ಲದ ಮೂಗಿನ ರಕ್ತಸ್ರಾವ, ಕಿವಿ ಸೋರುವವರಿಗೆ ಬರುವ ತೀವ್ರ ತಲೆನೋವು, ಜ್ವರ ಅಥವಾ ಮುಖ ಸೊಟ್ಟಗಾಗುವುದು ಕೂಡ ಇದೇ ಸಾಲಿನವು. ತುರ್ತು ಸಂದರ್ಭದಲ್ಲಿ ನೋಂದಾಯಿತ ಆಸ್ಪತ್ರೆಗೆ ನೇರವಾಗಿ ಹೋಗಲು ಯೋಜನೆಯಲ್ಲಿಯೇ ಅವಕಾಶವಿದೆ.

ಬಿಪಿಎಲ್ ರೋಗಿಗೆ ಪೂರ್ವಾನುಮತಿ ಸಿಕ್ಕ ಮೇಲೂ ಮುಂಗಡ, ಅರಿವಳಿಕೆ ವೈದ್ಯರ ಶುಲ್ಕ, ಒಳ್ಳೆಯ ಸಾಮಗ್ರಿ ಎಂದು ಹಣ ಕೇಳಿದರೆ ಅದು ನಿಯಮಕ್ಕೆ ವಿರುದ್ಧ. ಅದನ್ನು ಮೊದಲು ಆರೋಗ್ಯ ಮಿತ್ರರ ಗಮನಕ್ಕೆ ತನ್ನಿ. ಅನಿವಾರ್ಯವಾಗಿ ಕಟ್ಟಬೇಕಾಗಿ ಬಂದರೆ ರಸೀದಿ ಪಡೆಯದೆ ಕಟ್ಟಬೇಡಿ, ಬಿಡುಗಡೆ ಪತ್ರದ ಜೊತೆ ಅದನ್ನೂ ಜೋಪಾನವಾಗಿಡಿ. ಶುಲ್ಕವಿಲ್ಲದ 14555 ಸಂಖ್ಯೆಗೆ ಕರೆ ಮಾಡಿ ದೂರು ದಾಖಲಿಸಿ, ದೂರಿನ ಸಂಖ್ಯೆಯನ್ನು ಬರೆದುಕೊಳ್ಳಿ. ರಾಜ್ಯದಲ್ಲಿ ಯೋಜನೆಯನ್ನು ನಡೆಸುವ ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟಿಗೂ ಲಿಖಿತ ದೂರು ಕೊಡಬಹುದು.