ಹಾಸ್ಟೆಲ್ ಮಂಚಕ್ಕೆ ಯಾವ ಹಾಸಿಗೆ? ಹತ್ತಿ, ನಾರು, ಫೋಮ್, ಬೂರುಗ, ಕೌದಿ – ಎಲ್ಲದರ ಮೇಲೂ ಮಲಗಿ ನೋಡಿದ ಮೇಲೆ

ಹಾಸಿಗೆ ಅಂಗಡಿಯವರು ಕೇಳುವುದು ಒಂದೇ ಪ್ರಶ್ನೆ: ಮೆತ್ತಗಿರಬೇಕಾ, ಗಟ್ಟಿ ಇರಬೇಕಾ? ಹಾಸ್ಟೆಲಿನವರಿಗೆ ಈ ಪ್ರಶ್ನೆ ಸಾಲುವುದಿಲ್ಲ. ನಮ್ಮ ಹಾಸಿಗೆ ಬರೀ ರಾತ್ರಿಯದಲ್ಲ. ಬೆಳಿಗ್ಗೆ ಅದೇ ಕುರ್ಚಿ, ಮಧ್ಯಾಹ್ನ ಅದೇ ಊಟದ ಜಾಗ. ಸಂಜೆ ಪಕ್ಕದ ರೂಮಿನವರು ಬಂದು ಸಾಲಾಗಿ ಕೂರುವುದೂ ಅದರ ಅಂಚಿನ ಮೇಲೆಯೇ. ಪರೀಕ್ಷೆ ಬಂದರೆ ಅದೇ ಓದುವ ಮೇಜು. ಮಳೆಗಾಲದಲ್ಲಿ ಒಣಹಾಕಲು ಬಿಸಿಲಿಲ್ಲ, ಬೇಸಿಗೆ ರಜೆಯಲ್ಲಿ ರೂಮ್ ಖಾಲಿ ಮಾಡಬೇಕು. ಹೀಗಾಗಿ ಮನೆಯಲ್ಲಿ ಚೆನ್ನಾಗಿರುವ ಹಾಸಿಗೆ ಹಾಸ್ಟೆಲಿನಲ್ಲೂ ಚೆನ್ನಾಗಿರುತ್ತದೆ ಎಂದು ನಂಬುವಂತಿಲ್ಲ.

ನಾನು ಓದಿದ್ದು ಧಾರವಾಡದಲ್ಲಿ. ಊರು ಸಾಗರದ ಕಡೆ. ರೂಮಿನಲ್ಲಿ ಮೂವರು: ನಾನು, ಗದಗ ಕಡೆಯವಳೊಬ್ಬಳು, ಮಂಗಳೂರಿನವಳೊಬ್ಬಳು. ಓದು ಮುಗಿಯುವ ಹೊತ್ತಿಗೆ ಮೇಲೆ ಹೇಳಿದ ಎಲ್ಲ ಥರದ ಹಾಸಿಗೆಯ ಮೇಲೂ ನಾನು ಮಲಗಿ ಎದ್ದಿದ್ದೆ. ಕೆಲವು ನನ್ನವು, ಕೆಲವು ಅವರವು. ಅವರು ಊರಿಗೆ ಹೋದರೆ ಅವರ ಮಂಚವೂ ನನ್ನದೇ ಅಲ್ವಾ!

ಹಾಸಿಗೆಗಿಂತ ಮೊದಲು ಮಂಚದ ಮಾತು. ಎಷ್ಟೋ ಜನ ಹಾಸಿಗೆ ಬದಲಾಯಿಸುತ್ತಲೇ ಇರುತ್ತಾರೆ, ನೋವು ಹೋಗುವುದಿಲ್ಲ. ಏಕೆಂದರೆ ತೊಂದರೆ ಇರುವುದು ಕೆಳಗೆ. ನಮ್ಮದು ಕಬ್ಬಿಣದ ಆಂಗಲ್ ಮಂಚ. ಅಡ್ಡಕ್ಕೆ ಚಪ್ಪಟೆ ಪಟ್ಟಿ ಬೆಸುಗೆ ಹಾಕಿದ್ದರು. ಎರಡು ಪಟ್ಟಿಗಳ ನಡುವೆ ಅಂಗೈ ತೂರಿಸುವಷ್ಟು ಸಂದು. ನಡುವಿನ ಪಟ್ಟಿಗಳು ಹಿಂದಿನವರ ಭಾರಕ್ಕೆ ಬಾಗಿ ತೊಟ್ಟಿಲಿನ ಆಕಾರಕ್ಕೆ ಬಂದಿದ್ದವು. ಇದರ ಮೇಲೆ ಎಷ್ಟು ದುಬಾರಿ ಹಾಸಿಗೆ ಹಾಕಿದರೂ ಅದು ಆ ಹೊಂಡದ ಆಕಾರವನ್ನೇ ಹಿಡಿಯುತ್ತದೆ. ಮಂಚ ಬಾಗಿದೆಯೋ ಇಲ್ಲವೋ ತಿಳಿಯಲು ಹಾಸಿಗೆ ತೆಗೆದು ಈ ಅಂಚಿನಿಂದ ಆ ಅಂಚಿಗೆ ಒಂದು ದಾರ ಬಿಗಿಯಾಗಿ ಹಿಡಿಯಿರಿ. ದಾರಕ್ಕೂ ನಡುವಿನ ಪಟ್ಟಿಗೂ ಎರಡು ಬೆರಳಿನಷ್ಟು ಅಂತರ ಕಂಡರೆ ಮೊದಲು ಪ್ಲೈವುಡ್ ತನ್ನಿ, ಹಾಸಿಗೆ ಆಮೇಲೆ.

ಪ್ಲೈವುಡ್‌ನಲ್ಲಿ ಒಂದು ಲೆಕ್ಕವಿದೆ. ಅಂಗಡಿಯಲ್ಲಿ ಹಲಗೆ ಬರುವುದು 8 ಅಡಿಗೆ 4 ಅಡಿ. ನಮ್ಮ ಮಂಚ 6 ಅಡಿಗೆ ಎರಡೂವರೆ ಅಡಿ. ಇಡೀ ತುಂಡು ಕತ್ತರಿಸಿದರೆ ಒಂದು ಹಲಗೆಗೆ ಒಂದೇ ಮಂಚ. ಅದರ ಬದಲು 3 ಅಡಿಗೆ ಎರಡೂವರೆ ಅಡಿಯ ಅರ್ಧ ತುಂಡುಗಳನ್ನು ಮಾಡಿಸಿದರೆ ಒಂದು ಹಲಗೆಯಲ್ಲಿ ಮೂರು ಬರುತ್ತವೆ. ಅಂದರೆ ಎರಡು ಹಲಗೆಗೆ ಮೂರು ಮಂಚ. ಉಳಿದ ಒಂದಡಿ ಅಗಲದ ಪಟ್ಟಿಯನ್ನು ಪುಸ್ತಕದ ಶೆಲ್ಫ್ ಮಾಡಿಕೊಂಡೆವು. ಅರ್ಧ ತುಂಡುಗಳಾದರೆ ಮೆಟ್ಟಿಲು ಹತ್ತಿಸುವುದೂ ಸುಲಭ. ದಪ್ಪ 12 ಮಿಲಿಮೀಟರ್ ಸಾಕು. ಅದಕ್ಕಿಂತ ತೆಳ್ಳಗಿದ್ದರೆ ಅದೂ ಬಾಗುತ್ತದೆ. ಅಲ್ಲಲ್ಲಿ ತೂತು ಹೊಡೆಸಿಕೊಳ್ಳಿ. ಇಲ್ಲದಿದ್ದರೆ ಮಳೆಗಾಲದಲ್ಲಿ ಹಾಸಿಗೆಯ ಅಡಿಭಾಗಕ್ಕೆ ಗಾಳಿಯಾಡದೆ ಬೂಷ್ಟು ಹಿಡಿಯುತ್ತದೆ.

ಈಗ ಹತ್ತಿ. ಹಾಸ್ಟೆಲಿನವರು ಕೊಟ್ಟದ್ದು ಹತ್ತಿಯದೇ. ಧಾರವಾಡದ ಕಡೆ ಅದಕ್ಕೆ ಗಾದಿ ಎನ್ನುತ್ತಾರೆ. ನಮಗೆ ಸಿಕ್ಕಿದ್ದು ಹೆಸರಿಗೆ ಗಾದಿ. ಸೊಂಟ ಬರುವ ಜಾಗದಲ್ಲಿ ಹತ್ತಿ ಇರಲೇ ಇಲ್ಲ, ಎಲ್ಲ ಅಂಚಿಗೆ ಓಡಿತ್ತು. ಮುಟ್ಟಿದರೆ ಉಂಡೆ ಉಂಡೆ. ಇದನ್ನು ನೋಡಿಯೇ ಹೆಚ್ಚಿನವರು ಹತ್ತಿ ಬೇಡ ಎಂದು ತೀರ್ಮಾನಿಸಿಬಿಡುತ್ತಾರೆ. ಆದರೆ ಹತ್ತಿ ಗಾದಿಗೆ ಇರುವ ಒಂದು ಗುಣ ಬೇರೆ ಯಾವುದಕ್ಕೂ ಇಲ್ಲ: ಅದನ್ನು ಬಿಚ್ಚಿ ಹೊಸದು ಮಾಡಬಹುದು.

ನಾನು ಅದೇ ಥರದ ಒಂದು ಹಳೇ ಗಾದಿಯನ್ನು ಆಟೋದಲ್ಲಿ ಹಾಕಿಕೊಂಡು ಗಾದಿ ಅಂಗಡಿಗೆ ಹೋಗಿ, ಹೊಸ ಹತ್ತಿ ಎಷ್ಟು ಬೇಕಾಗುತ್ತದೆ ಎಂದು ಕೇಳಿದೆ. ಅಂಗಡಿಯ ಅಜ್ಜ ಹೊಲಿಗೆ ಬಿಚ್ಚಿ ಒಂದು ಹಿಡಿ ಹತ್ತಿ ತೆಗೆದು, ಎರಡೂ ಕೈಯಿಂದ ಎಳೆದು ನೋಡಿದರು. ‘ಹೊಸಾ ಹತ್ತಿ ಯಾಕವಾ, ಇದs ಛಲೋ ಅದ. ಹಿಂಜಿ ಕೊಡ್ತೀನಿ, ಮ್ಯಾಲ ಎರಡ ಕಿಲೋ ಹಾಕಿದ್ರ ಸಾಕು’ ಎಂದರು. ಮೊದಲೆಲ್ಲ ಬಿಲ್ಲಿನಂಥ ಸಾಧನದಿಂದ ಹತ್ತಿ ಹಿಂಜುತ್ತಿದ್ದರು. ಪಿಂಜಾರರ ಮನೆತನದ ಕೆಲಸವದು. ಈಗ ಯಂತ್ರ ಬಂದಿದೆ. ಒಂದು ಕಡೆ ಗಟ್ಟಿ ಉಂಡೆ ಹಾಕಿದರೆ ಇನ್ನೊಂದು ಕಡೆ ತೆಳ್ಳನೆಯ ಬಿಳಿ ಪದರ ಬರುತ್ತದೆ. ಯಂತ್ರದ ಕೆಳಗೆ ಬಿದ್ದ ಧೂಳಿನ ರಾಶಿ ನೋಡಿ ನನಗೆ ಹೊಟ್ಟೆ ತೊಳೆಸಿತು. ಅಷ್ಟರ ಮೇಲೆ ನಾವು ಮಲಗಿದ್ದೆವಲ್ಲ! ಆಮೇಲೆ ಪದರದ ಮೇಲೆ ಪದರ ಇಟ್ಟು, ಪಟ್ಟೆ ಬಟ್ಟೆಯ ಚೀಲದೊಳಗೆ ತುಂಬಿ, ಕೋಲಿನಿಂದ ಬಡಿದು ಸಮ ಮಾಡಿದರು. ಗೇಣುದ್ದದ ಸೂಜಿಯಲ್ಲಿ ದಪ್ಪ ದಾರ ಹಾಕಿ ಅಲ್ಲಲ್ಲಿ ಗಂಟು ಬಿಗಿದರು. ಹತ್ತಿ ಓಡಾಡದಂತೆ ತಡೆಯುವುದು ಈ ಗಂಟುಗಳೇ. ‘ಇನ್ನೂ ನಾಕು ಹೊಲಿಗಿ ಹಾಕ್ರಿ ಅಜ್ಜಾ’ ಎಂದು ಕೇಳಿ ಹಾಕಿಸಿಕೊಳ್ಳಿ, ಬೇಸರ ಮಾಡಿಕೊಳ್ಳುವುದಿಲ್ಲ. ಮಂಚದ ಅಳತೆಗೇ ಹೊಲಿದುಕೊಡುತ್ತಾರೆ ಎಂಬುದು ಇನ್ನೊಂದು ಲಾಭ. ರೆಡಿಮೇಡ್ ಸಿಂಗಲ್ ಹಾಸಿಗೆ ಹೆಚ್ಚಾಗಿ 36 ಇಂಚು ಅಗಲ, ನಮ್ಮ ಮಂಚ 30. ಮಿಕ್ಕ ಆರಿಂಚು ಗಾಳಿಯಲ್ಲಿ ನೇತಾಡುತ್ತದೆ.

ಹೊಸದಾಗಿ ಹಿಂಜಿಸಿದ ಗಾದಿಯ ಮೇಲೆ ಮಲಗುವ ಸುಖವೇ ಬೇರೆ. ಮೆತ್ತಗಿರುತ್ತದೆ, ಆದರೆ ಮೈ ಒಳಗೆ ಹೂತುಹೋಗುವುದಿಲ್ಲ. ಬೆವರು ಹೀರುತ್ತದೆ, ಏಪ್ರಿಲ್‌ನಲ್ಲೂ ಬೆನ್ನಿಗೆ ಅಂಟುವುದಿಲ್ಲ. ಕಷ್ಟವೂ ಅದೇ ಗುಣದಲ್ಲಿದೆ. ಬೆವರು ಹೀರುವ ಹತ್ತಿ ಜುಲೈ ತಿಂಗಳ ತೇವವನ್ನೂ ಹೀರುತ್ತದೆ. ವಾರಕ್ಕೊಮ್ಮೆ ಬಿಸಿಲು ತೋರಿಸದಿದ್ದರೆ ಭಾರವಾಗಿ, ತಣ್ಣಗಾಗಿ, ಮುಗ್ಗಲು ವಾಸನೆ ಬರುತ್ತದೆ. ಏಳೆಂಟು ಕಿಲೋ ತೂಗುವ ಗಾದಿಯನ್ನು ಟೆರೇಸಿಗೆ ಹೊರುವುದು ಸುಮ್ನೆ ಆಗುವ ಕೆಲಸವಲ್ಲ. ಟೆರೇಸ್ ಬಾಗಿಲಿಗೆ ಬೀಗ ಹಾಕಿಡುವ ಹಾಸ್ಟೆಲ್ ಆದರೆ ಹತ್ತಿಯ ಆಸೆ ಬಿಡಿ.

ನಾರಿನ ಹಾಸಿಗೆ ಇದಕ್ಕೆ ತದ್ವಿರುದ್ಧ. ತೆಂಗಿನ ನಾರನ್ನು ಹಗ್ಗದಂತೆ ಹೊಸೆದು ಆಮೇಲೆ ಬಿಡಿಸುತ್ತಾರೆ. ಆಗ ಎಳೆಗಳು ಸುರುಳಿಯಾಗಿ ನಿಲ್ಲುತ್ತವೆ. ಅದಕ್ಕೆ ರಬ್ಬರ್ ಹಾಲು ಸಿಂಪಡಿಸಿ, ಕಾಯಿಸಿ ಒತ್ತಿದರೆ ಹಾಸಿಗೆ. ಸುರುಳಿ ಇರುವುದರಿಂದಲೇ ಅದಕ್ಕೆ ಪುಟಿಯುವ ಗುಣ. ಎಳೆಗಳ ನಡುವೆ ಗಾಳಿ ಆಡುತ್ತದೆ, ಮಳೆಗಾಲದಲ್ಲಿ ಹತ್ತಿಯಷ್ಟು ರಗಳೆ ಇಲ್ಲ. ಕರ್ಲಾನ್ ಎಂಬ ಬ್ರ್ಯಾಂಡ್ ಹೆಸರು ನಮ್ಮ ಮನೆಗಳಲ್ಲಿ ಇಂಥ ಹಾಸಿಗೆಗೇ ಹೆಸರಾಗಿಹೋಗಿದೆ. ಹಾಸ್ಟೆಲ್ ಲೆಕ್ಕದಲ್ಲಿ ಇದರ ದೊಡ್ಡ ಗುಣ ಅಂಚು. ನಾಲ್ಕು ಜನ ಸಾಲಾಗಿ ಕೂತರೂ ಕುಸಿಯುವುದಿಲ್ಲ. ಪಟ್ಟಿ ಮಂಚಕ್ಕೆ ನೇರವಾಗಿ ಹಾಕಬಹುದು, ಮಂಚ ತೀರಾ ಬಾಗಿಲ್ಲದಿದ್ದರೆ ಪ್ಲೈವುಡ್ ಖರ್ಚೂ ಉಳಿಯುತ್ತದೆ.

ಆದರೆ ಗಟ್ಟಿ. ಅಂಗಾತ ಮಲಗುವವರಿಗೆ ಹಿತ. ನನ್ನಂತೆ ಮಗ್ಗುಲಾಗಿ ಮಲಗುವವರಿಗೆ ಭುಜ, ಸೊಂಟದ ಮೂಳೆ ಒತ್ತುತ್ತದೆ, ಬೆಳಗಿನ ಜಾವ ಕೈ ಜೋಮು ಹಿಡಿಯುತ್ತದೆ. ಇನ್ನೊಂದು ಪೇಚು ಸಾಗಿಸುವಾಗಿನದು. ನಾರಿನ ಹಾಸಿಗೆ ಮಡಚುವುದಿಲ್ಲ, ಬಲವಂತವಾಗಿ ಮಡಚಿದರೆ ಒಳಗಿನ ರಬ್ಬರ್ ಬಿರಿದು ಅಲ್ಲೇ ಶಾಶ್ವತ ಗೆರೆ ಬೀಳುತ್ತದೆ. ನಮ್ಮ ಹಾಸ್ಟೆಲ್ ಮೆಟ್ಟಿಲಿನ ತಿರುವಿನಲ್ಲಿ ಅದು ನೆಟ್ಟಗೆ ಸಿಕ್ಕಿಕೊಂಡಿತು. ಮೇಲೆ ನಾನು, ಕೆಳಗೆ ಗದಗದವಳು, ನಡುವೆ ಹಾಸಿಗೆ, ಹಿಂದೆ ಊಟಕ್ಕೆ ಇಳಿಯುವವರ ಸಾಲು. ಕೊನೆಗೆ ಅಡುಗೆಯ ಅಕ್ಕ ಬಂದು ಕಂಬಿಯ ಮೇಲಿಂದ ಎತ್ತಿ ದಾಟಿಸಿದರು.

ಫೋಮ್ ವಿಷಯದಲ್ಲಿ ನನಗೆ ಸ್ವಲ್ಪ ಸಿಟ್ಟಿದೆ. ಆನ್‌ಲೈನ್‌ನಲ್ಲಿ ಎಲ್ಲರೂ ದಪ್ಪದ ಬಗ್ಗೆ ಮಾತಾಡುತ್ತಾರೆ, ನೋಡಬೇಕಾದ್ದು ಡೆನ್ಸಿಟಿ. 32 ಡೆನ್ಸಿಟಿ ಅಂದರೆ ಒಂದು ಘನ ಮೀಟರ್ ಫೋಮ್ 32 ಕಿಲೋ ತೂಗುತ್ತದೆ ಎಂದರ್ಥ. ಇದನ್ನು ಮನೆಯಲ್ಲೇ ಪರೀಕ್ಷಿಸಬಹುದು. 72 ಇಂಚು ಉದ್ದ, 30 ಇಂಚು ಅಗಲ, 2 ಇಂಚು ದಪ್ಪದ ಹಾಳೆ ನಿಜವಾಗಿ 32 ಡೆನ್ಸಿಟಿಯದ್ದಾದರೆ ಸುಮಾರು ಎರಡೂಕಾಲು ಕಿಲೋ ತೂಗಬೇಕು. 40 ಡೆನ್ಸಿಟಿಯದ್ದಾದರೆ ಎರಡು ಮುಕ್ಕಾಲಿಗಿಂತ ಸ್ವಲ್ಪ ಜಾಸ್ತಿ. ನಾನು ತರಿಸಿದ್ದನ್ನು ಮೆಸ್ಸಿನ ತಕ್ಕಡಿಗೆ ಹಾಕಿದರೆ ಎರಡು ಕಿಲೋ ಕೂಡ ಬರಲಿಲ್ಲ. ಮಾರಿದವರು 32 ಎಂದೇ ಬರೆದಿದ್ದರು. ಮೊದಲ ವಾರ ಸ್ವರ್ಗ. ಸೆಮಿಸ್ಟರ್ ಮುಗಿಯುವಷ್ಟರಲ್ಲಿ ನಾನು ಕೂತು ಓದುವ ಅಂಚು ರೊಟ್ಟಿಯಷ್ಟು ತೆಳ್ಳಗಾಗಿತ್ತು. ಫೋಮ್ ಕೆಡುವುದು ಮಲಗುವುದರಿಂದಲ್ಲ, ಕೂರುವುದರಿಂದ. ಮಲಗಿದಾಗ ಇಡೀ ಮೈಯಡಿ ಹರಡುವ ಭಾರ ಕೂತಾಗ ಒಂದೇ ಜಾಗಕ್ಕೆ ಬೀಳುತ್ತದೆ. ಹಾಗಾಗಿ ಫೋಮ್ ತರುವುದಾದರೆ ಹಗಲು ಸುತ್ತಿ ಮೂಲೆಗಿಟ್ಟು, ರಾತ್ರಿ ಮಾತ್ರ ಹಾಸಿಕೊಳ್ಳಿ. ಎರಡಿಂಚಿನದು ಸುತ್ತಲು ಬರುತ್ತದೆ.

ಮಂಗಳೂರಿನವಳದು ಮೆಮೊರಿ ಫೋಮ್ ಟಾಪರ್, ಅಂದರೆ ಹಾಸಿಗೆಯ ಮೇಲೆ ಹಾಸುವ ಪದರ. ಈ ಫೋಮ್ ಹುಟ್ಟಿದ್ದು 1966ರಲ್ಲಿ, ಅಮೆರಿಕದ ನಾಸಾದ ವಿಮಾನ ಸೀಟುಗಳ ಕೆಲಸದಲ್ಲಿ. ಮೈಯ ಬಿಸಿಗೆ ಮೆತ್ತಗಾಗಿ, ಮೈಯ ಆಕಾರಕ್ಕೆ ಕೂರುತ್ತದೆ. ಭುಜ, ಸೊಂಟ ಒತ್ತುವವರಿಗೆ ಇದರಷ್ಟು ಹಿತ ಬೇರೊಂದಿಲ್ಲ ಎಂದು ಒಪ್ಪಿಕೊಳ್ಳುತ್ತೇನೆ. ಆದರೆ ಅದೇ ಬಿಸಿ ಒಳಗೇ ಉಳಿಯುತ್ತದೆ. ಬೇಸಿಗೆಯಲ್ಲಿ ಕರೆಂಟ್ ಹೋಗಿ ಫ್ಯಾನ್ ನಿಂತರೆ ಅವಳು ಎದ್ದು ಬಂದು ನನ್ನ ಗಾದಿಯ ಅರ್ಧ ಹಿಡಿಯುತ್ತಿದ್ದಳು. ಡಿಸೆಂಬರ್ ಚಳಿಯಲ್ಲಿ ಉಲ್ಟಾ. ತಂಪಿಗೆ ಗಟ್ಟಿಯಾಗಿರುವ ಟಾಪರ್ ಮೈ ಬಿಸಿ ತಾಗುವವರೆಗೆ ಹಲಗೆಯಂತೆಯೇ ಇರುತ್ತದೆ. ಅದರ ದುಡ್ಡಿನಲ್ಲಿ ನನ್ನ ಗಾದಿಯನ್ನು ಹಲವು ಸಲ ಹಿಂಜಿಸಬಹುದಿತ್ತು.

ಬೂರುಗದ ಬಗ್ಗೆ ಹೆಚ್ಚು ಹೇಳುವುದಿಲ್ಲ, ಅದು ನನ್ನ ಮನೆಯಿಂದ ಬಂದದ್ದು, ಪಕ್ಷಪಾತ ಬರುತ್ತದೆ. ಬೇಸಿಗೆಯಲ್ಲಿ ಬೂರುಗದ ಮರದ ಕಾಯಿ ಒಡೆದು ಹಾರುವ ರೇಷ್ಮೆಯಂಥ ಹತ್ತಿಯನ್ನು ಅಮ್ಮ ಬೀಜ ಬಿಡಿಸಿ ತುಂಬಿಕೊಟ್ಟಿದ್ದರು. ಎಳೆಯೊಳಗೆ ಪೊಳ್ಳು, ಮೇಲೆ ಮೇಣದ ಅಂಶ, ಹಾಗಾಗಿ ತುಂಬಾ ಹಗುರ, ತೇವ ಹಿಡಿಯುವುದಿಲ್ಲ. ಧಾರವಾಡದ ಮಳೆಗೆ ಹೇಳಿ ಮಾಡಿಸಿದ್ದು ಅನ್ನಿಸುತ್ತದೆ. ಆದರೆ ಎಳೆ ಗಿಡ್ಡ, ಪೆಳಸು. ಭಾರ ಬಿದ್ದಲ್ಲಿ ಪುಡಿಯಾಗಿ ಕೂರುತ್ತದೆ, ಹತ್ತಿಯಂತೆ ಮತ್ತೆ ಹಿಂಜಿಸಲು ಬರುವುದಿಲ್ಲ. ಹಾಸಿಗೆಗೆ ಬೇಡ, ದಿಂಬಿಗೆ ಮಾತ್ರ ಇದೇ ಇರಲಿ.

ಕೌದಿ ಹಾಸಿಗೆಯಲ್ಲ, ಆದರೆ ನನ್ನ ಲೆಕ್ಕದಲ್ಲಿ ಎಲ್ಲ ಟಾಪರ್‌ಗಳಿಗಿಂತ ಮೇಲು. ಗದಗದವಳ ಅಜ್ಜಿ ಹೊಲಿದದ್ದು. ಹಳೇ ಸೀರೆ, ಧೋತರದ ಪದರಗಳನ್ನು ಒತ್ತೊತ್ತಾಗಿ ಕೈಹೊಲಿಗೆಯಲ್ಲಿ ಕೂಡಿಸಿದ್ದು, ಹೊರಗಿನಿಂದ ಒಳಕ್ಕೆ ಹೊಲಿಗೆ ಸುತ್ತುತ್ತಾ ಬರುತ್ತದೆ. ಹಳಿಯಾಳ, ಯಲ್ಲಾಪುರದ ಕಡೆ ಸಿದ್ದಿ ಹೆಂಗಸರು ಹೊಲಿಯುವ ಕೌದಿಗಳು ಇನ್ನೂ ಬಣ್ಣಬಣ್ಣ. ಕೌದಿಯಿಂದ ಗಟ್ಟಿ ಹಾಸಿಗೆ ಮೆತ್ತಗಾಗುವುದಿಲ್ಲ ನಿಜ. ಆದರೆ ಮೈಗೆ ತಾಗುವುದು ನೂರಾರು ಸಲ ಒಗೆದು ಮೆದುವಾದ ಹತ್ತಿ ಬಟ್ಟೆ. ಎರಡು ಮಡಿಕೆ ಹಾಕಿ ನಾರಿನ ಹಾಸಿಗೆಯ ಮೇಲೆ ಹಾಸಿದರೆ ಭುಜದ ಒತ್ತು ಎದ್ದು ಕಾಣುವಷ್ಟು ಕಡಿಮೆ. ಚಳಿಗಾಲದಲ್ಲಿ ಒಂದು ಮಡಿಕೆ ಬಿಚ್ಚಿ ಹೊದ್ದುಕೊಳ್ಳಬಹುದು. ಒಗೆಯುವುದು ಮಾತ್ರ ಹಬ್ಬ. ನೀರು ಕುಡಿದ ಕೌದಿ ಹಿಂಡಲು ಇಬ್ಬರು ಬೇಕು.

ಸೀನಿಯರ್‌ಗಳು ಹೋಗುವಾಗ ಹಾಸಿಗೆ ಅಗ್ಗಕ್ಕೆ ಕೊಡುತ್ತಾರೆ. ತಗೊಳ್ಳುವ ಮುಂಚೆ ಅಂಚಿನ ಹೊಲಿಗೆಯನ್ನು ಉಗುರಿನಿಂದ ಬಿಡಿಸಿ ಟಾರ್ಚ್ ಹಾಕಿ ನೋಡಿ. ಪೆನ್ನಿನ ಚುಕ್ಕೆಯಂಥ ಕಪ್ಪು ಕಲೆ ಕಂಡರೆ ತಿಗಣೆ ಇದೆ ಎಂದರ್ಥ. ಸುಮ್ನೆ ವಾಪಸ್ ಕೊಡಿ. ಬಿಸಿಲಿಗೆ ಹಾಕಿದರೆ ಹೋಗುತ್ತವೆ ಎನ್ನುವವರ ಮಾತು ಕೇಳಬೇಡಿ. ತಿಗಣೆ, ಅದರ ಮೊಟ್ಟೆ ಸಾಯಲು 50 ಡಿಗ್ರಿಯ ಆಸುಪಾಸು ಬಿಸಿ ಬೇಕು, ಅದೂ ಹಾಸಿಗೆಯ ಒಳಗಿನ ತನಕ ತಲುಪಬೇಕು. ಬಿಸಿಲಿಗಿಟ್ಟ ಗಾದಿಯ ಮೇಲ್ಭಾಗ ಕಾದರೆ ಅವು ಆರಾಮಾಗಿ ಕೆಳಭಾಗಕ್ಕೆ ಹೋಗುತ್ತವೆ.

ನನ್ನ ಕೊನೆಯ ಎರಡು ವರ್ಷ ಕಳೆದದ್ದು ಪ್ಲೈವುಡ್, ಅದರ ಮೇಲೆ ಹಿಂಜಿಸಿದ ಹತ್ತಿ ಗಾದಿ, ಅದರ ಮೇಲೆ ಗದಗದಿಂದ ತರಿಸಿದ ಕೌದಿಯ ಮೇಲೆ. ಗದಗದವಳು ನಾರು ಬಿಡಲಿಲ್ಲ, ಅವಳು ಅಂಗಾತ ಮಲಗುವವಳು, ಬಿಸಿಲಿಗೆ ಹಾಕುವ ಉಸಾಬರಿ ಬೇಡ ಎನ್ನುವವಳು. ಅವಳಿಗೆ ಅದೇ ಸರಿ. ಬೆನ್ನುನೋವಿಗೆ ವೈದ್ಯರು ಏನಾದರೂ ಹೇಳಿದ್ದರೆ ಅವರ ಮಾತೇ ಮೇಲು. ರಜೆಗೆ ಹೋಗುವಾಗ ಗಾದಿ ಸುತ್ತಿ ಹಗ್ಗ ಕಟ್ಟಿ, ಹಳೇ ಸೀರೆಯಲ್ಲಿ ಮುಚ್ಚಿ ಸ್ಟೋರ್ ರೂಮಿನ ಅಟ್ಟಕ್ಕೆ ಹಾಕುತ್ತಿದ್ದೆ. ಪ್ಲಾಸ್ಟಿಕ್‌ನಲ್ಲಿ ಸುತ್ತಬೇಡಿ, ಒಳಗಿನ ತೇವಕ್ಕೆ ಹತ್ತಿ ಕೊಳೆಯುತ್ತದೆ. ಮೇಲೆ ಹೆಸರು ಬರೆದ ಚೀಟಿಯನ್ನು ಹೊಲಿದುಬಿಡಿ. ಅಂಟಿಸಿದ ಚೀಟಿ ಜೂನ್ ತನಕ ಉಳಿಯುವುದಿಲ್ಲ.