ಆಲೂಗಡ್ಡೆ ಎಂದು ಹೇಳಿ ಅಮ್ಮನಿಗೆ ಮೊಟ್ಟೆ ಬಡಿಸಿದರು

ನಿಮ್ಮ ಮನೆಯಲ್ಲಿ ಮೊಟ್ಟೆ ಮುಟ್ಟದ ಹಿರಿಯರಿದ್ದಾರೆಯೇ? ಅವರನ್ನು ಕರೆದುಕೊಂಡು ‘ತಾಪಾಸ್’ (ಸಣ್ಣ ಸಣ್ಣ ತಟ್ಟೆಗಳಲ್ಲಿ ಕೊಡುವ ತಿಂಡಿ) ಎಂದು ಬೋರ್ಡು ಹಾಕಿಕೊಂಡ ಹೋಟೆಲಿಗೆ ಹೋಗುವ ಯೋಚನೆ ಇದ್ದರೆ ದಯವಿಟ್ಟು ಇದನ್ನು ಪೂರ್ತಿ ಓದಿ. ಕೋಲಾರದಿಂದ ಬೆಂಗಳೂರಿಗೆ ಹೋಗುವ ಹೆದ್ದಾರಿಯ ಬದಿಯಲ್ಲಿರುವ ಇಂಥದೊಂದು ಹೋಟೆಲಿಗೆ ನಾವು ಆರು ಜನ ಹೋಗಿದ್ದೆವು. ಹೋಟೆಲಿನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಹೆಸರಿಗಿಂತ ಅಲ್ಲಿ ನಡೆದದ್ದು ಮುಖ್ಯ, ಏಕೆಂದರೆ ಅದು ಬೇರೆ ಯಾವ ಊರಿನಲ್ಲಾದರೂ ನಡೆಯಬಹುದು.

ನನ್ನ ತಮ್ಮ ನರಸಾಪುರದ ಕೈಗಾರಿಕಾ ಪ್ರದೇಶದಲ್ಲಿ ಕೆಲಸ ಮಾಡುತ್ತಾನೆ. ಅವನಿಗೆ ಬಡ್ತಿ ಸಿಕ್ಕಿತ್ತು. ನಮ್ಮ ಮನೆಯ ಸಂತೋಷಗಳೆಲ್ಲ ಮುಳಬಾಗಿಲು ದೋಸೆ ತಿನ್ನುವುದರಲ್ಲೇ ಮುಗಿಯುತ್ತವೆ. ಈ ಸಲ ಅವನು ಬೇರೆ ಹೇಳಿದ: “ಅಕ್ಕ, ಅಮ್ಮ ಇಷ್ಟು ವರ್ಷ ನಮಗೆ ಬೇಯಿಸಿ ಹಾಕಿದ್ದೇ ಆಯಿತು. ಅವರು ಕಂಡಿರದ ಕಡೆ ಒಂದು ದಿನ ಕೂರಿಸಿ ಊಟ ಮಾಡಿಸೋಣ.” ಅವನ ಆಸೆಯಲ್ಲಿ ತಪ್ಪೇನೂ ಇರಲಿಲ್ಲ. ಆ ರಾತ್ರಿಯಿಂದ ಅವನು ತನ್ನನ್ನೇ ಬೈದುಕೊಳ್ಳುತ್ತಿದ್ದಾನೆ. ಅದನ್ನು ನೋಡಿದಾಗ ನನಗೆ ಇನ್ನೂ ಸಂಕಟವಾಗುತ್ತದೆ.

ಅಮ್ಮ ಹುಟ್ಟಿನಿಂದ ಸಸ್ಯಾಹಾರಿಯಲ್ಲ. ಹದಿನಾಲ್ಕು ವರ್ಷಗಳ ಹಿಂದೆ ಅಪ್ಪ ಆಸ್ಪತ್ರೆಯಲ್ಲಿದ್ದಾಗ, ಅವರು ಎದ್ದು ಮನೆಗೆ ಬಂದರೆ ಮೊಟ್ಟೆ ಮಾಂಸ ಬಿಡುತ್ತೇನೆಂದು ಮಾಲೂರು ತಾಲ್ಲೂಕಿನ ಚಿಕ್ಕ ತಿರುಪತಿಯ ದೇವರಿಗೆ ಹರಕೆ ಹೊತ್ತರು. ಅಪ್ಪ ಎದ್ದು ಬಂದರು, ಆರು ವರ್ಷ ನಮ್ಮ ಜೊತೆ ಇದ್ದರು. ಅಪ್ಪ ಹೋದ ಮೇಲೂ ಅಮ್ಮ ಹರಕೆ ಬಿಡಲಿಲ್ಲ. ಹಬ್ಬದ ಮರುದಿನ ನಮಗೆಲ್ಲ ಕೋಳಿ ಸಾರು ಮಾಡಿ, ತಾನು ಮಾತ್ರ ಸ್ನಾನ ಮಾಡಿ ಬಂದು ಮೊಸರನ್ನ ಕಲಸಿಕೊಳ್ಳುತ್ತಾರೆ.

ಇದನ್ನು ಇಷ್ಟು ಬಿಡಿಸಿ ಹೇಳಲು ಕಾರಣವಿದೆ. ನಾವು ಆ ಹೋಟೆಲಿನಲ್ಲಿ ಕೇಳದೆ ತಿನ್ನಲಿಲ್ಲ. ಕುರ್ಚಿಯಲ್ಲಿ ಕುಳಿತ ಕೂಡಲೇ ಆರ್ಡರ್ ತೆಗೆದುಕೊಳ್ಳುವ ಹುಡುಗನಿಗೆ ನಾನೇ ಹೇಳಿದೆ: “ಇವರು ಮೀನು, ಮಾಂಸ, ಮೊಟ್ಟೆ ಯಾವುದನ್ನೂ ತಿನ್ನುವುದಿಲ್ಲ. ಇವರಿಗೆ ಯಾವುದು ಆಗುತ್ತದೆ ತೋರಿಸಿ.” ಮೆನುವಿನಲ್ಲಿ ಹಸಿರು, ಕಂದು ಗುರುತುಗಳು ಯಾವುವೂ ಇರಲಿಲ್ಲ. ‘ಸಮುದ್ರ’, ‘ಮಾಂಸ’, ‘ತೋಟ’ ಎಂದು ಮೂರು ಭಾಗ ಮಾಡಿದ್ದರು. ಆ ಹುಡುಗ ‘ತೋಟ’ದ ಪುಟ ತೆಗೆದು ನಾಲ್ಕು ಹೆಸರುಗಳ ಪಕ್ಕದಲ್ಲಿ ಪೆನ್ಸಿಲಿನಿಂದ ಗೀಟು ಹಾಕಿದ. ಪಟಾಟಾಸ್ ಬ್ರಾವಾಸ್, ತೋರ್ತಿಯಾ, ಪಾಲಕ್ ಕ್ರೊಕೆಟಾ, ಪಾನ್ ಕೊನ್ ತೊಮಾತೆ. “ಎಲ್ಲವೂ ವೆಜ್, ಮೇಡಂ. ಇದು ಆಲೂಗಡ್ಡೆ, ಇದೂ ಆಲೂಗಡ್ಡೆ, ಇದು ಪಾಲಕ್, ಇದು ಟೊಮ್ಯಾಟೊ” ಎಂದ. ನಾವು ನಂಬಿದೆವು.

ತಾಪಾಸ್ ಎಂಬುದು ಸ್ಪೇನ್ ದೇಶದ ಪದ್ಧತಿ. ಅಲ್ಲಿನ ಭಾಷೆಯಲ್ಲಿ ‘ತಾಪಾ’ ಎಂದರೆ ಮುಚ್ಚಳ. ಗ್ಲಾಸಿನ ಮೇಲೆ ಒಂದು ತುಂಡು ಬ್ರೆಡ್ಡನ್ನೋ ಮಾಂಸವನ್ನೋ ಮುಚ್ಚಿ ಕೊಡುತ್ತಿದ್ದುದರಿಂದ ಆ ಹೆಸರು ಬಂತೆಂಬ ಕಥೆಯಿದೆ. ಒಂದು ಕಡೆ ಎರಡು ತುತ್ತು, ಮತ್ತೊಂದು ಕಡೆ ಎರಡು ತುತ್ತು, ಹೀಗೆ ಸ್ನೇಹಿತರು ನಿಂತುಕೊಂಡೇ ತಿನ್ನುತ್ತ ಸಾಗುತ್ತಾರೆ. ಗ್ರನಾಡಾ ಎಂಬ ಊರಿನಲ್ಲಿ ಪಾನೀಯ ತೆಗೆದುಕೊಂಡರೆ ಈ ತಟ್ಟೆಯನ್ನು ಇಂದಿಗೂ ಪುಕ್ಕಟೆಯಾಗಿ ಕೊಡುವ ವಾಡಿಕೆಯಿದೆ. ಅದು ಅವರ ಊಟವಲ್ಲ, ಊಟಕ್ಕೆ ಮುಂಚಿನ ತಿಂಡಿ. ನಮ್ಮಲ್ಲಿ ಅದನ್ನೇ ರಾತ್ರಿಯ ಊಟವೆಂದು ಮಾರುತ್ತಿದ್ದಾರೆ. ಒಂದು ತಟ್ಟೆಯಲ್ಲಿ ಎಷ್ಟು ತುಂಡು ಇರುತ್ತದೆಂದು ಮೆನುವಿನಲ್ಲಿ ಬರೆದಿರುವುದಿಲ್ಲ. ಆರು ಜನರ ಮುಂದೆ ನಾಲ್ಕು ಕ್ರೊಕೆಟಾ, ಅಂದರೆ ಕರಿದ ಸಣ್ಣ ಉಂಡೆಗಳು, ಬಂದವು. ಪಾನ್ ಕೊನ್ ತೊಮಾತೆ ಎಂದರೆ ಸುಟ್ಟ ಬ್ರೆಡ್ಡಿನ ಮೇಲೆ ಟೊಮ್ಯಾಟೊ ಉಜ್ಜಿ ಎಣ್ಣೆ, ಉಪ್ಪು ಹಾಕಿದ್ದು. ನಾಲ್ಕು ತುಂಡಿಗೆ 320 ರೂಪಾಯಿ. ನನ್ನ ಮಾವನವರು ಟೊಮ್ಯಾಟೊ ಬೆಳೆಯುವವರು. ಹದಿನೈದು ಕಿಲೋ ಬಾಕ್ಸು ಎರಡು ಸಾವಿರ ದಾಟಿದ 2023ರ ಜುಲೈಯನ್ನೂ ಕಂಡಿದ್ದಾರೆ, ಕೂಲಿಯೂ ಹುಟ್ಟದೆ ಹಣ್ಣನ್ನು ಗಿಡದಲ್ಲೇ ಬಿಟ್ಟ ವರ್ಷಗಳನ್ನೂ ಕಂಡಿದ್ದಾರೆ. ಆ ನಾಲ್ಕು ತುಂಡುಗಳಿಗೆ ಒಂದೇ ಒಂದು ಹಣ್ಣು ಸಾಕು.

ತಟ್ಟೆಗಳು ಒಟ್ಟಿಗೆ ಬರುವುದಿಲ್ಲ. ಯಾವುದು ಮೊದಲು ಸಿದ್ಧವಾಯಿತೋ ಅದು ಮೊದಲು ಬರುತ್ತದೆ. ಮಕ್ಕಳಿಗೆಂದು ಹೇಳಿದ್ದ ಬೆಳ್ಳುಳ್ಳಿ ಸೀಗಡಿ ಬಂತು, ಕೋಳಿ ಬಂತು. ಅಮ್ಮ ಇಪ್ಪತ್ತೈದು ನಿಮಿಷ ಖಾಲಿ ತಟ್ಟೆಯ ಮುಂದೆ ಕುಳಿತಿದ್ದರು. “ನೀವು ತಿನ್ನಿ, ಆರುತ್ತದೆ” ಎಂದು ನಮಗೇ ಹೇಳುತ್ತಿದ್ದರು. ಮೇಜಿನ ನಡುವೆ ಎಲ್ಲ ತಟ್ಟೆಗಳಿಗೂ ಇದ್ದದ್ದು ಎರಡೇ ಚಿಮಟ. ಸೀಗಡಿ ಎತ್ತಿದ ಚಿಮಟದಲ್ಲೇ ಅಮ್ಮನ ಆಲೂಗಡ್ಡೆಯನ್ನೂ ಎತ್ತಬೇಕಿತ್ತು. ನಾನು ಬೇರೆ ಚಮಚ ಕೇಳಿ ತರಿಸಿದೆ. ಅಲ್ಲಿಯೇ ನಾನು ಎಚ್ಚೆತ್ತುಕೊಳ್ಳಬೇಕಿತ್ತು.

ಕೊನೆಗೆ ಅಮ್ಮನ ತೋರ್ತಿಯಾ ಬಂತು. ಅದೇ ಮೆನುವಿನ ಇನ್ನೊಂದು ಪುಟದಲ್ಲಿ ಮೆಕ್ಸಿಕೋದ ಟೋರ್ಟಿಯಾ ಸುರುಳಿಯೂ ಇತ್ತು, ಅದು ಮುಸುಕಿನ ಜೋಳದ ರೊಟ್ಟಿ. ಹಾಗಾಗಿ ಇದೂ ಆಲೂಗಡ್ಡೆ ತುಂಬಿದ ರೊಟ್ಟಿ ಇರಬಹುದೆಂದು ನಾವೆಲ್ಲ ಅಂದುಕೊಂಡಿದ್ದೆವು. ಬಂದದ್ದು ಹೋಳಿಗೆಯ ಬಣ್ಣದ, ಎರಡು ಬೆರಳು ದಪ್ಪದ, ಮುಕ್ಕೋನದ ತುಂಡು. ಪಕ್ಕದಿಂದ ನೋಡಿದರೆ ತೆಳ್ಳಗೆ ಹೆಚ್ಚಿದ ಆಲೂಗಡ್ಡೆ ಪದರ ಪದರವಾಗಿ ಕಾಣುತ್ತಿತ್ತು. ಮೇಲೆ ಬೆಳ್ಳುಳ್ಳಿ ವಾಸನೆಯ ಬಿಳಿ ಸಾಸು. ಅಮ್ಮ ಮೊದಲ ತುತ್ತು ತಿಂದು “ಮೆತ್ತಗಿದೆ, ಹಲ್ಲಿಗೆ ಕಷ್ಟವಿಲ್ಲ” ಎಂದು ತಮ್ಮನ ಕಡೆ ನೋಡಿ ನಕ್ಕರು. ಎರಡನೆಯ ತುತ್ತಿಗೆ ಸಾಸು ಹತ್ತಿರಲಿಲ್ಲ. ಅಗಿಯುವುದನ್ನು ನಿಲ್ಲಿಸಿದರು. ಮುಖದಲ್ಲಿ ನಗು ಹಾಗೆಯೇ ಇತ್ತು, ದವಡೆ ಮಾತ್ರ ಅಲ್ಲಾಡಲಿಲ್ಲ. ನಿಧಾನವಾಗಿ ಕಾಗದದ ಕರವಸ್ತ್ರವನ್ನು ಬಾಯಿಗೆ ಹಿಡಿದು, ತುತ್ತನ್ನು ಅದರೊಳಗೆ ತೆಗೆದು, ಮಡಿಸಿ, ಮುಷ್ಟಿಯಲ್ಲಿ ಇಟ್ಟುಕೊಂಡರು. ಯಾರಿಗೂ ಕೇಳಿಸದಂತೆ ನನಗೆ ಹೇಳಿದರು: “ಇದು ಮೊಟ್ಟೆ ಕಣಮ್ಮ. ನಿಮಗೆ ಎಷ್ಟು ವರ್ಷ ಮಾಡಿ ಹಾಕಿದ್ದೇನೆ, ನನಗೆ ಗೊತ್ತಾಗುವುದಿಲ್ಲವೇ?”

ಹುಡುಗನನ್ನು ಕರೆದು ಕೇಳಿದೆ. “ಆಲೂಗಡ್ಡೆ ಮೇಡಂ” ಎಂದ. ಮತ್ತೆ ಕೇಳಿದೆ. ಅದೇ ಉತ್ತರ. ಅವನಿಗೆ ಸುಳ್ಳು ಹೇಳುವ ಉದ್ದೇಶ ಇರಲಿಲ್ಲವೆಂದು ನಾನು ಇಂದಿಗೂ ನಂಬುತ್ತೇನೆ. ತಾನು ಬಡಿಸುವ ತಿನಿಸಿನಲ್ಲಿ ಏನಿದೆಯೆಂದು ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಅಡುಗೆಮನೆಯಿಂದ ಮುಖ್ಯ ಬಾಣಸಿಗರನ್ನು ಕರೆಸಿದಾಗ ಅವರು ನಿಂತಲ್ಲೇ ಹೇಳಿದರು: “ಸ್ಪ್ಯಾನಿಷ್ ತೋರ್ತಿಯಾ ಎಂದರೆ ಮೊಟ್ಟೆಯೇ. ಬರುವವರಿಗೆಲ್ಲ ಗೊತ್ತಿರುತ್ತದೆ.” ಹಾಗಾದರೆ ಉಳಿದ ಮೂರರಲ್ಲಿ ಏನಿದೆ ಎಂದು ಒಂದೊಂದಾಗಿ ಕೇಳಿದೆ. ಬ್ರಾವಾಸ್ ಮೇಲೆ, ತೋರ್ತಿಯಾ ಮೇಲೆ ಹಾಕಿದ್ದ ಬಿಳಿ ಸಾಸು ಅಯೋಲಿ. ಅದಕ್ಕೆ ಮೊಟ್ಟೆಯ ಹಳದಿ ಭಾಗ ಹಾಕಿ ಅಲ್ಲೇ ಕಡೆದದ್ದು. ಪಾಲಕ್ ಕ್ರೊಕೆಟಾವನ್ನು ಬ್ರೆಡ್ ಪುಡಿಯಲ್ಲಿ ಹೊರಳಿಸುವ ಮೊದಲು ಮೊಟ್ಟೆಯಲ್ಲಿ ಅದ್ದುತ್ತಾರೆ. ಅಮ್ಮನಿಗೆಂದು ಗೀಟು ಹಾಕಿಕೊಟ್ಟ ನಾಲ್ಕು ತಿನಿಸುಗಳಲ್ಲಿ ಮೂರರಲ್ಲಿ ಮೊಟ್ಟೆಯಿತ್ತು. ಅಮ್ಮ ಆ ಮೂರನ್ನೂ ತಿಂದಿದ್ದರು.

ಮನೆಗೆ ಬಂದ ಮೇಲೆ ಯೋಚಿಸಿದಾಗ ನಾವು ಎಲ್ಲಿ ಎಡವಿದೆವು ಎಂಬುದು ತಿಳಿಯಿತು. ಸ್ಪೇನ್‌ನವರಿಗೆ ಮೊಟ್ಟೆ ಮಾಂಸವಲ್ಲ, ಅವರ ಲೆಕ್ಕದಲ್ಲಿ ತೋರ್ತಿಯಾ ಸಸ್ಯಾಹಾರವೇ. ಅಲ್ಲಿಯ ಅಡುಗೆಯನ್ನು ಇಲ್ಲಿಗೆ ತಂದವರು ಆ ಲೆಕ್ಕವನ್ನೂ ಹಾಗೆಯೇ ತಂದು ‘ತೋಟ’ದ ಪುಟದಲ್ಲಿ ಅಚ್ಚು ಹಾಕಿಸಿದ್ದಾರೆ. ನಮ್ಮ ದೇಶದ ಆಹಾರ ನಿಯಮದಲ್ಲಿ ಮೊಟ್ಟೆ ಮಾಂಸಾಹಾರದ ಸಾಲಿಗೆ ಸೇರುತ್ತದೆ. ಮೊಟ್ಟೆ ಹಾಕಿದ ಬಿಸ್ಕತ್ತಿನ ಪೊಟ್ಟಣದ ಮೇಲೂ ಕಂದು ಗುರುತು ಇರಬೇಕು. ಇನ್ನೊಂದು ವಿಷಯ, ನಮ್ಮ ಅಂಗಡಿಗಳಲ್ಲಿ ಮೊಟ್ಟೆಯಿಲ್ಲದ ಮೇಯೊನೀಸ್ ಧಾರಾಳವಾಗಿ ಸಿಗುತ್ತದೆ. ಆ ಅಭ್ಯಾಸದಿಂದ ಬಿಳಿ ಸಾಸು ಕಂಡರೆ ನಮಗೆ ಅನುಮಾನವೇ ಬರುವುದಿಲ್ಲ. ಅನುಮಾನ ಪಡಬೇಕು, ಹರಕೆಯ ಕಾರಣಕ್ಕೆ ಮಾತ್ರವಲ್ಲ. ಹಸಿ ಮೊಟ್ಟೆಯ ಮೇಯೊನೀಸ್‌ನಲ್ಲಿ ಸಾಲ್ಮೊನೆಲ್ಲಾದಂತಹ ರೋಗಾಣು ಬೆಳೆಯುತ್ತದೆಂದು ತೆಲಂಗಾಣ 2024ರ ಅಕ್ಟೋಬರ್‌ನಲ್ಲಿ, ತಮಿಳುನಾಡು 2025ರ ಏಪ್ರಿಲ್‌ನಲ್ಲಿ ಅದನ್ನು ಒಂದು ವರ್ಷದ ಮಟ್ಟಿಗೆ ನಿಷೇಧಿಸಿದ್ದವು. ಅಯೋಲಿಯೂ ಅದೇ ಜಾತಿಯದು. ಅರವತ್ತೆಂಟು ವರ್ಷದ ಅಮ್ಮನಿಗೆ ಅದನ್ನು ಬಡಿಸಿದ್ದರು.

ಆದ್ದರಿಂದ “ಇದು ವೆಜ್ ಅಲ್ಲವೇ?” ಎಂದು ಕೇಳಬೇಡಿ. ಆ ಪ್ರಶ್ನೆಗೆ ಎಲ್ಲರೂ ಹೌದು ಎಂದೇ ತಲೆಯಾಡಿಸುತ್ತಾರೆ. “ಇದಕ್ಕೆ ಏನೇನು ಹಾಕುತ್ತೀರಿ, ಸಾಸಿನಲ್ಲಿ ಏನಿದೆ, ಕರಿಯುವ ಮೊದಲು ಯಾವುದರಲ್ಲಿ ಅದ್ದುತ್ತೀರಿ, ಸೀಗಡಿ ಕರಿದ ಎಣ್ಣೆಯಲ್ಲೇ ಇದನ್ನೂ ಕರಿಯುತ್ತೀರಾ” ಎಂದು ಕೇಳಿ. ಬಡಿಸುವವರನ್ನಲ್ಲ, ಅಡುಗೆ ಮಾಡುವವರನ್ನೇ ಕೇಳಿ. ಇಂಥ ಹೋಟೆಲಿನಲ್ಲಿ ಒಂದೇ ಮೆನುವಿನೊಳಗೆ ಸ್ಪೇನ್, ಮೆಕ್ಸಿಕೋ, ಥಾಯ್ಲೆಂಡ್, ಆಂಧ್ರ ಎಲ್ಲವನ್ನೂ ಕಲಸಿರುತ್ತಾರೆ. ಒಂದು ದೇಶದ ಹೆಸರು ಇನ್ನೊಂದು ದೇಶದಲ್ಲಿ ಬೇರೆಯದೇ ಪದಾರ್ಥವಾಗಿರುತ್ತದೆ. ಥಾಯ್ ಅಡುಗೆಯ ತರಕಾರಿ ಪಲ್ಯಕ್ಕೂ ಮೀನಿನ ಸಾಸು ಬೀಳುವುದುಂಟು. ಕಡಲೆಕಾಯಿಯೋ ಬಾದಾಮಿಯೋ ಮೈಗೆ ಒಗ್ಗದ ಮಕ್ಕಳಿದ್ದರಂತೂ ಇನ್ನೂ ಜೋಪಾನ. ಸ್ಪೇನ್‌ನ ರೊಮೆಸ್ಕೊ ಎಂಬ ಕೆಂಪು ಸಾಸು ನೋಡಲು ಟೊಮ್ಯಾಟೊ ಚಟ್ನಿಯಂತೆಯೇ ಇರುತ್ತದೆ, ಆದರೆ ಅದರಲ್ಲಿ ಬಾದಾಮಿ ಅರೆದಿರುತ್ತಾರೆ.

ಬಿಲ್ಲಿನ ವಿಷಯ. ಹದಿಮೂರು ತಟ್ಟೆಗೆ 5,240 ರೂಪಾಯಿ. ಅದರ ಮೇಲೆ ನಮ್ಮನ್ನು ಕೇಳದೆ ಶೇಕಡ 10 ಸೇವಾ ಶುಲ್ಕ, 524 ರೂಪಾಯಿ. ಎರಡನ್ನೂ ಕೂಡಿಸಿ ಅದರ ಮೇಲೆ ಶೇಕಡ 5 ಜಿಎಸ್‌ಟಿ. ಒಟ್ಟು 6,052. ಅಂದರೆ ಸೇವಾ ಶುಲ್ಕಕ್ಕೂ ನಮ್ಮಿಂದ ತೆರಿಗೆ ಕಟ್ಟಿಸಿಕೊಳ್ಳುತ್ತಿದ್ದರು. ಅಮ್ಮನ ಮೂರು ತಟ್ಟೆಗಳನ್ನು ಬಿಲ್ಲಿನಿಂದ ತೆಗೆಯಿರಿ ಎಂದರೆ ಮ್ಯಾನೇಜರ್ “ತಿಂದಾಗಿದೆಯಲ್ಲ” ಎಂದರು. ಆ ಮಾತಿಗೆ ತಮ್ಮ ಎದ್ದು ನಿಂತ. ಅಮ್ಮ ಅವನ ಕೈ ಹಿಡಿದು ಕೂರಿಸಿದರು.

ಸೇವಾ ಶುಲ್ಕದ ವಿಷಯದಲ್ಲಿ ಮಾತ್ರ ನಾನು ಬಗ್ಗಲಿಲ್ಲ. ಬಿಲ್ಲಿಗೆ ತಾನಾಗಿಯೇ ಸೇವಾ ಶುಲ್ಕ ಸೇರಿಸಬಾರದೆಂದು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರ ಜುಲೈ 4ರಂದೇ ಮಾರ್ಗಸೂಚಿ ಹೊರಡಿಸಿದೆ. ಹೋಟೆಲುಗಳ ಸಂಘಗಳು ಅದನ್ನು ಪ್ರಶ್ನಿಸಿ ದೆಹಲಿ ಹೈಕೋರ್ಟಿಗೆ ಹೋದವು. 2025ರ ಮಾರ್ಚ್ 28ರಂದು ನ್ಯಾಯಾಲಯ ಮಾರ್ಗಸೂಚಿಯನ್ನೇ ಎತ್ತಿಹಿಡಿಯಿತು. ಕೊಡುವುದು ಬಿಡುವುದು ಗ್ರಾಹಕರ ಇಷ್ಟ. ಇದನ್ನು ಹೇಳಿ, 1915ಕ್ಕೆ ಈಗಲೇ ಕರೆ ಮಾಡುತ್ತೇನೆಂದು ಮೊಬೈಲ್ ತೆಗೆದ ಮೇಲೆ ಬಿಲ್ಲು 5,502ಕ್ಕೆ ಇಳಿಯಿತು. 1915 ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ನಿಮ್ಮ ಮೊಬೈಲಿನಲ್ಲಿ ಉಳಿಸಿಕೊಳ್ಳಿ. ನೀರಿನ ಬಾಟಲಿಗೆ ಮಾತ್ರ ಜಗಳವಾಡಿ ಫಲವಿಲ್ಲ. ಹೋಟೆಲುಗಳು ಅದನ್ನು ಮುದ್ರಿತ ಬೆಲೆಗಿಂತ ಹೆಚ್ಚಿಗೆ ಮಾರಬಹುದೆಂದು ಸುಪ್ರೀಂ ಕೋರ್ಟ್ 2017ರಲ್ಲೇ ಹೇಳಿದೆ. ಕುಳಿತಾಗಲೇ ಮಾಮೂಲಿ ನೀರು ಕೇಳಿಬಿಡಿ.

ಬಿಲ್ಲನ್ನು ಮನೆಯಲ್ಲಿ ಮತ್ತೆ ನೋಡಿದಾಗ ಇನ್ನೊಂದು ಕಣ್ಣಿಗೆ ಬಿತ್ತು. ಅದರ ಮೇಲೆ ಆಹಾರ ಸುರಕ್ಷತಾ ಪ್ರಾಧಿಕಾರದ ಹದಿನಾಲ್ಕು ಅಂಕಿಗಳ ನೋಂದಣಿ ಸಂಖ್ಯೆ ಇರಲಿಲ್ಲ. 2022ರ ಜನವರಿಯಿಂದ ಅದನ್ನು ಪ್ರತಿ ಬಿಲ್ಲಿನ ಮೇಲೂ ಮುದ್ರಿಸುವುದು ಕಡ್ಡಾಯ. ಬಿಲ್ಲಿನ ಮತ್ತು ಆ ‘ತೋಟ’ದ ಪುಟದ ಚಿತ್ರ ತೆಗೆದಿದ್ದೆ, ಎರಡನ್ನೂ ಸೇರಿಸಿ ದೂರು ಕೊಟ್ಟಿದ್ದೇನೆ. ನೀವೂ ಹೊರಗೆ ಊಟ ಮಾಡಿದಾಗ ಬಿಲ್ಲನ್ನು ಮುದುಡಿ ಎಸೆಯಬೇಡಿ. ಅದಿಲ್ಲದಿದ್ದರೆ ನಮ್ಮ ಮಾತಿಗೆ ಆಧಾರವೇ ಇರುವುದಿಲ್ಲ.

ಆ ರಾತ್ರಿ ಕಾರಿನಲ್ಲಿ ಅಮ್ಮ ಒಂದು ಮಾತೂ ಆಡಲಿಲ್ಲ. ಮನೆಗೆ ಬಂದಾಗ ಹತ್ತೂವರೆ. ಬಚ್ಚಲಿಗೆ ಹೋಗಿ ತಣ್ಣೀರನ್ನೇ ತಲೆಗೆ ಸುರಿದುಕೊಂಡು, ಒದ್ದೆ ಕೂದಲಲ್ಲೇ ದೇವರ ಮುಂದೆ ದೀಪ ಹಚ್ಚಿದರು. ಹಳದಿ ಬಟ್ಟೆಯ ತುಂಡಿನಲ್ಲಿ ಹನ್ನೊಂದು ರೂಪಾಯಿ ತಪ್ಪು ಕಾಣಿಕೆ ಕಟ್ಟಿಟ್ಟರು. ತಮ್ಮ ಬಾಗಿಲಲ್ಲಿ ನಿಂತು ಅಳುತ್ತಿದ್ದ. “ನೀನೇನು ಬೇಕೆಂದು ಮಾಡಿದೆಯಾ, ಹೋಗಿ ಮಲಗು” ಎಂದರು ಅಮ್ಮ. ಮರುದಿನ ಸಂಜೆಯವರೆಗೆ ಅವರು ನೀರು ಬಿಟ್ಟು ಬೇರೇನೂ ಮುಟ್ಟಲಿಲ್ಲ. ಶನಿವಾರ ನಾನೇ ಚಿಕ್ಕ ತಿರುಪತಿಗೆ ಕರೆದುಕೊಂಡು ಹೋಗಿ ಕಾಣಿಕೆ ಹಾಕಿಸಿಕೊಂಡು ಬಂದೆ.

ಹೋಟೆಲಿನಿಂದ ತಮ್ಮನ ಮೊಬೈಲಿಗೆ ಒಂದು ಸಂದೇಶ ಬಂದಿದೆ. ಮುಂದಿನ ಸಲ ಬಂದಾಗ ಎರಡು ತಟ್ಟೆ ಉಚಿತವಂತೆ. ಕ್ಷಮೆಯ ಮಾತು ಅದರಲ್ಲಿಲ್ಲ. ಮೊನ್ನೆ ಕೆಲಸದಿಂದ ಬರುವಾಗ ಅವನು ಒಳಗೆ ಹೋಗಿ ಮೆನು ತೆಗೆದು ನೋಡಿದ್ದಾನೆ. ತೋರ್ತಿಯಾ ಈಗಲೂ ‘ತೋಟ’ದ ಪುಟದಲ್ಲೇ ಇದೆ, ಪಕ್ಕದಲ್ಲಿ ಯಾವ ಗುರುತೂ ಇಲ್ಲ.